ಚೆನ್ನಾಗಿತ್ತು ಅಂದಿದ್ದೆ

ಪಿರಿಯಾಪಟ್ಟಣದ ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಮನೆ ಹುಣಸೂರಿನಲ್ಲಿ, ದಿನವೂ ಬಸ್ಸಿನಲ್ಲಿ ಓಡಾಟ. ನಾಲ್ಕು ಜನ ನಗುವ ಹಾಗೆ ಬರೆಯುತ್ತೇನೆ ಎಂಬ ಹೆಸರು ನನಗಿದೆ. ಆ ಹೆಸರಿನ ಮೇಲೆ ಆಸೆಯೂ ಸ್ವಲ್ಪ ಹೆಚ್ಚೇ ಇತ್ತು.

ಕಳೆದ ವರ್ಷ ಕುಶಾಲನಗರದ ಹತ್ತಿರದ ಕೊಪ್ಪದಲ್ಲಿ ಒಂದು ಥಾಯ್ ಹೋಟೆಲು ಶುರುವಾಯಿತು. ಬೈಲುಕುಪ್ಪೆ ನೋಡಲು ಬರುವ ಪ್ರವಾಸಿಗರನ್ನು ನಂಬಿ ರಸ್ತೆ ಬದಿಯಲ್ಲಿ ತೆರೆದ ಐದು ಮೇಜಿನ ಹೋಟೆಲು. ಕಾಲೇಜಿನ ಪರೀಕ್ಷೆ ಮುಗಿದ ದಿನ, ಇತಿಹಾಸ ಪಾಠ ಮಾಡುವ ಗೆಳತಿ, ‘ಬಾರೇ, ಒಂದಿನ ನಾವೂ ಫಾರಿನ್ ಊಟ ಮಾಡೋಣ’ ಅಂದಳು. ಇಬ್ಬರೂ ಒಳ್ಳೆ ಸೀರೆ ಉಟ್ಟು ಹೋಗಿದ್ದೆವು.

ಊಟ ಚೆನ್ನಾಗಿರಲಿಲ್ಲ. ಅದರಲ್ಲಿ ಸುಳ್ಳಿಲ್ಲ. ಹಸಿರು ಬಣ್ಣದ ಸಾರಿನಲ್ಲಿ ತೆಂಗಿನ ಹಾಲು ಒಡೆದು ಬಿಳಿ ಚೂರುಗಳು ತೇಲುತ್ತಿದ್ದವು. ನಡುವೆ ಉದ್ದುದ್ದ ಹುಲ್ಲಿನ ಕಡ್ಡಿಗಳು. ನೂಡಲ್ಸ್ ಒಂದೇ ಮುದ್ದೆಯಾಗಿ ಎದ್ದು ಬರುತ್ತಿತ್ತು, ಮೇಲೆ ಉದುರಿಸಿದ್ದ ಕಡಲೆಕಾಯಿ ಬೀಜ ಕಮಟಾಗಿತ್ತು. ಗೆಳತಿ ಅನ್ನವನ್ನಷ್ಟೇ ತಿಂದು ನನ್ನ ಮುಖ ನೋಡಿದಳು.

ಅಷ್ಟರಲ್ಲಿ ಅಡುಗೆ ಮಾಡಿದ ಹೆಂಗಸೇ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ನಲವತ್ತರ ಆಸುಪಾಸು. ಮೇಜಿನ ಪಕ್ಕ ನಿಂತು, ‘ಎಂಗಿತ್ತು ಮೇಡಂ? ಏನಾರ ಎಚ್ಚುಕಮ್ಮಿ ಆಗಿದ್ರೆ ಹೇಳಿ. ಓದ ವಾರವಷ್ಟೇ ಶುರು ಮಾಡಿರೋದು’ ಅಂದರು.

‘ತುಂಬಾ ಚೆನ್ನಾಗಿತ್ತು’ ಅಂದೆ ನಾನು. ‘ಇನ್ನೊಂದ್ಸಲ ಬರ್ತೀವಿ’ ಎಂದೂ ಸೇರಿಸಿದೆ.

ಅವರ ಮುಖ ಅರಳಿತು. ನಾವು ಹೊರಗೆ ಬಂದು, ರಸ್ತೆ ದಾಟುವವರೆಗೂ ತಡೆದುಕೊಂಡಿದ್ದು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮನೆಗೆ ಬಂದವಳೇ ಫೋನಿನಲ್ಲಿ ಬರೆದೆ. ‘ಎಲ್ಲ ಕಡೆ ಹಸುವಿಗೆ ಹುಲ್ಲು ಹಾಕಿ ಹಾಲು ಕರೆದುಕೊಳ್ಳುತ್ತಾರೆ. ಕೊಪ್ಪದ ಥಾಯ್ ಹೋಟೆಲಿನಲ್ಲಿ ಹಾಲಿಗೇ ಹುಲ್ಲು ಹಾಕಿ ನಮ್ಮ ಮುಂದಿಟ್ಟರು.’ ಅದರ ಕೆಳಗೆ ಇನ್ನೂ ನಾಲ್ಕೈದು ಸಾಲು ಅಂಥವೇ. ನನ್ನ ಹೆಸರು ಹಾಕದೆ, ಜಾಲತಾಣದಲ್ಲಿ ಎಂದೋ ಮಾಡಿಟ್ಟುಕೊಂಡಿದ್ದ ಇನ್ನೊಂದು ಹೆಸರಿನ ಖಾತೆಯಲ್ಲಿ ಹಾಕಿದೆ. ಎರಡೇ ದಿನದಲ್ಲಿ ಅದು ಊರೂರಿನ ವಾಟ್ಸಾಪ್ ಗುಂಪುಗಳಿಗೆ ಹರಡಿತು. ಕೆ.ಆರ್. ನಗರದಲ್ಲಿರುವ ನಮ್ಮಣ್ಣ, ನಾನೇ ಬರೆದದ್ದು ಎಂದು ತಿಳಿಯದೆ, ‘ನೋಡು, ಯಾರೋ ಎಷ್ಟ್ ಚೆನ್ನಾಗಿ ಬರ್ದವ್ರೆ’ ಎಂದು ನನಗೇ ಕಳಿಸಿದ. ಅವತ್ತು ನನಗೆ ಹಿಡಿಸಲಾರದಷ್ಟು ಖುಷಿ.

ಒಂದು ತಿಂಗಳ ಮೇಲೆ, ಬೆಳಿಗ್ಗೆ ಹುಣಸೂರಿನ ಬಸ್ ನಿಲ್ದಾಣದಲ್ಲಿ ಕುಶಾಲನಗರದ ಬಸ್ಸು ಹತ್ತಿ ಕೂತಿದ್ದೆ. ಒಬ್ಬ ಹೆಂಗಸು ಒದ್ದೆ ಗೋಣಿಯಲ್ಲಿ ಸುತ್ತಿದ ಹುಲ್ಲಿನ ಕಟ್ಟು ಹಿಡಿದು ಬಂದು ಪಕ್ಕದಲ್ಲಿ ಕೂತರು. ನಿಂಬೆಯ ವಾಸನೆ ಗಮ್ಮೆಂದಿತು. ತಿರುಗಿ ನೋಡಿದರೆ ಅವರೇ.

‘ನೀವು ನಮ್ಮೋಟ್ಲಿಗೆ ಬಂದಿದ್ರಲ್ವಾ ಮೇಡಂ?’ ಅವರಿಗೆ ಗುರುತು ಹತ್ತಿತು. ‘ಚೆನ್ನಾಗಿತ್ತು ಅಂದಿದ್ರಿ.’

ಹೂಂ ಅಂದೆ. ಅವರು ಕಟ್ಟನ್ನು ತೋರಿಸಿ, ಸಾರಿಗೆ ಹಾಕುವ ನಿಂಬೆಹುಲ್ಲು, ಹನಗೋಡಿನಲ್ಲಿ ಒಬ್ಬರ ಹಿತ್ತಲಿನಿಂದ ತರುತ್ತೇನೆ ಅಂದರು. ತಮ್ಮದು ಕಂಪಲಾಪುರ, ಬೆಂಗಳೂರಿನ ಒಂದು ಹೋಟೆಲಿನಲ್ಲಿ ಎಂಟು ವರ್ಷ ಒಬ್ಬ ಥಾಯ್ ಅಡುಗೆಯವಳ ಕೈಕೆಳಗೆ ತರಕಾರಿ ಹೆಚ್ಚಿದ್ದು, ಆಕೆ ಮಾಡುವುದನ್ನು ನೋಡುತ್ತಾ ನೋಡುತ್ತಾ ಕಲಿತದ್ದು, ಈಗ ತಮ್ಮನ ಜೊತೆ ಸೇರಿ ಈ ಹೋಟೆಲು ಇಟ್ಟದ್ದು, ಎಲ್ಲವನ್ನೂ ಹೇಳಿದರು. ಆಮೇಲೆ ಕಟ್ಟನ್ನು ಕಾಲ ಬಳಿ ಇಳಿಸಿಕೊಂಡರು.

‘ಯಾರೋ ಫೋನಲ್ಲಿ ಬರ್ದ್‌ಬುಟ್ಟವ್ರಂತೆ ಮೇಡಂ. ಈಗ ಕೊಪ್ಪದಲ್ಲಿ ಎಲ್ರೂ ಹುಲ್ಲೋಟ್ಲು ಅಂತಾರೆ. ಆಟೋದವ್ರು ನನ್ ಕಂಡ್ರೆ ಅಂಬಾ ಅಂತಾರೆ. ನನ್ ತಮ್ಮ, ಬೋರ್ಡು ತೆಗ್ದು ಅನ್ನ ಸಾರು ಮಾಡನ ಬುಡಕ್ಕ, ಅಂತವ್ನೆ.’

ಕಿಟಕಿಯ ಕಡೆ ನೋಡಿದೆ.

‘ನಾನೇ ಬೇಡ ಅಂದಿವ್ನಿ. ನಿಮ್ಮಂತ ಓದ್ದೋರು ಚೆನ್ನಾಗಿತ್ತು ಅಂದವ್ರಲ್ಲ, ಅದ್ನ ನೆನುಸ್ಕಂಡು ಬಾಗ್ಲು ತೆಗಿತೀನಿ’ ಅಂದರು. ‘ನೀವು ಏನ್ ಕೆಲ್ಸ ಮಾಡದು ಮೇಡಂ?’

‘ಕನ್ನಡ ಲೆಕ್ಚರರ್.’

‘ಅಂಗಾದ್ರೆ ನೀವೊಂದ್ ಒಳ್ಳೆ ಮಾತು ಬರೀರಿ. ನಿಮ್ಗೆ ಬರಿಯಾಕೆ ಬತ್ತದಲ್ಲ.’

‘ಬರೀತೀನಿ’ ಅಂದೆ. ಪಿರಿಯಾಪಟ್ಟಣ ಬಂತು. ಅವರ ಮೊಣಕಾಲು ದಾಟಿಕೊಂಡು, ಹಿಂದೆ ತಿರುಗದೆ ಇಳಿದೆ.

ಅವತ್ತು ತರಗತಿಯಲ್ಲಿ ಏನು ಪಾಠ ಮಾಡಿದೆನೋ ನೆನಪಿಲ್ಲ. ಮಧ್ಯಾಹ್ನ ಆ ಬರಹವನ್ನು ಅಳಿಸಿದೆ. ಅಳಿಸಿ ಏನು ಬಂತು, ಅದು ಸಾವಿರ ಫೋನುಗಳಲ್ಲಿ ಕೂತಿತ್ತು. ಮುಂದಿನ ವಾರವೆಲ್ಲ ಅರ್ಧ ಗಂಟೆ ಮುಂಚಿನ ಬಸ್ಸಿಗೆ ಹೋದೆ, ಅವರು ಸಿಗಬಾರದೆಂದು. ಗೆಳತಿಗೆ ಹೇಳಿದರೆ, ‘ಊಟ ಕೆಟ್ಟದಾಗಿದ್ದು ನಿಜ ತಾನೇ? ಬಿಡೇ’ ಅಂದಳು. ಬಿಡಲು ಆಗಲಿಲ್ಲ. ಬರೆದದ್ದಕ್ಕಿಂತ ಹೆಚ್ಚಾಗಿ, ಬಸ್ಸಿನಲ್ಲಿ ಬಾಯಿ ಮುಚ್ಚಿಕೊಂಡು ಕೂತದ್ದು ಚುಚ್ಚುತ್ತಿತ್ತು.

ಒಂದು ಶನಿವಾರ ಕಾಲೇಜು ಮುಗಿಸಿ ಕೊಪ್ಪಕ್ಕೆ ಹೋದೆ. ಹೋಟೆಲಿನಲ್ಲಿ ಗಿರಾಕಿಗಳಿರಲಿಲ್ಲ. ಅವರು ಒಲೆಯ ಮುಂದೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ‘ಬನ್ನಿ ಮೇಡಂ, ಕೂತ್ಕಳಿ’ ಎಂದು ಎದ್ದರು. ನಾನು ಕೂರಲಿಲ್ಲ.

‘ಆ ಹುಲ್ಲಿನ ಮಾತು ಬರೆದವಳು ನಾನೇ’ ಅಂದೆ.

ಅವರಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಬೆಳ್ಳುಳ್ಳಿಯನ್ನು ತಟ್ಟೆಗೆ ಹಾಕಿದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತೇನೋ.

‘ಅವತ್ತು ತೆಂಗಿನ ಹಾಲು ಒಡ್ದಿತ್ತು. ನಂಗೂ ಗೊತ್ತಿತ್ತು ಮೇಡಂ’ ಅಂದರು ನಿಧಾನವಾಗಿ. ‘ಉರಿ ಜಾಸ್ತಿ ಆಯ್ತಾ, ಏನು ಅಂತ ಅನುಮಾನ. ಅದ್ಕೇ ನಿಮ್ಮತ್ರ ಬಂದು ಕೇಳ್ದೆ. ನೀವು ತುಂಬಾ ಚೆನ್ನಾಗಿತ್ತು ಅಂದ್ರಿ. ಸರಿ, ಇಲ್ಲಿಯೋರ್ಗೆ ಇಂಗೇ ಇಡಿಸ್ತದೆ ಅಂದ್ಕಂಡು ಇಡೀ ವಾರ ಅಂಗೇ ಮಾಡ್ದೆ.’

ತಪ್ಪಾಯಿತು ಅಂದೆ. ನನ್ನ ಕಿವಿಗೇ ಅದು ಸಾಲದಾಯಿತು.

‘ನಿಮ್ ಎದುರ್ಗೇ ನಿಂತಿದ್ನಲ್ಲಾ’ ಅಂದರು. ‘ಬಾಯ್ಬುಟ್ಟು ಒಂದ್ ಮಾತು ಹೇಳಿದ್ರೆ ಸಾಕಾಯ್ತಿತ್ತು.’ ಆಮೇಲೆ ಹೊರಗೆ ನೋಡಿ, ‘ಈಗ ಹುಣ್ಸೂರಿನ ಬಸ್ಸು ಬತ್ತದೆ ಮೇಡಂ, ಒರಡಿ’ ಅಂದರು. ಊಟ ಮಾಡಿ ಎಂದು ಹೇಳಲಿಲ್ಲ.

ಆ ಭಾನುವಾರ ನನ್ನ ಸ್ವಂತ ಹೆಸರಿನಲ್ಲಿ ನಡೆದದ್ದನ್ನೆಲ್ಲ ಬರೆದು ಹಾಕಿದೆ. ನಗಿಸುವ ಒಂದು ಸಾಲೂ ಅದರಲ್ಲಿರಲಿಲ್ಲ. ಓದಿದವರು ಕಡಿಮೆ, ಯಾವ ಗುಂಪಿಗೂ ಅದು ಹೋಗಲಿಲ್ಲ. ಅಣ್ಣ ಮಾತ್ರ ಫೋನ್ ಮಾಡಿ, ‘ನೀನಾ ಬರ್ದಿದ್ದು?’ ಎಂದು ಕೇಳಿ, ಮಕ್ಕಳ ವಿಷಯ ಮಾತಾಡಿದ.

ಹೋಟೆಲು ಮುಚ್ಚಲಿಲ್ಲ. ಬೋರ್ಡಿನಲ್ಲಿ ಥಾಯ್ ಎಂಬ ಮಾತಿನ ಕೆಳಗೆ ಈಗ ಅನ್ನ ಸಾರು, ಮುದ್ದೆ ಊಟ ಎಂದು ಬರೆಸಿದ್ದಾರೆ. ಅವರ ತಮ್ಮನ ಮಾತು ಅಷ್ಟರ ಮಟ್ಟಿಗೆ ನಡೆದಿದೆ. ಬೇಗನೆ ಹೊರಡುವುದನ್ನು ನಾನು ಬಿಟ್ಟಿದ್ದೇನೆ. ವಾರಕ್ಕೊಮ್ಮೆ ಅವರು ಅದೇ ಬಸ್ಸು ಹತ್ತುತ್ತಾರೆ. ನನ್ನನ್ನು ಕಂಡರೆ ತಲೆಯಾಡಿಸುತ್ತಾರೆ, ನಾನೂ ಆಡಿಸುತ್ತೇನೆ. ಪಕ್ಕದ ಸೀಟು ಖಾಲಿಯಿದ್ದರೂ ಮುಂದೆ ಹೋಗಿ ಕಂಬಿ ಹಿಡಿದು ನಿಲ್ಲುತ್ತಾರೆ.