ಮೈಸರಾಳ ವಾಸನೆ

ಮೂಗು ಅಂದರೆ ಬೀ ಜುವೇನಾಳ ಮೂಗು. ಜಂಜಿಬಾರಿನ ಹಳೇಪೇಟೆಯಲ್ಲಿ ಮದುವೆ ನಿಶ್ಚಯವಾದರೆ ಖಾಜಿಗಿಂತ ಮೊದಲು ಅವಳಿಗೆ ಕರೆ ಹೋಗುತ್ತಿತ್ತು. ಮದುಮಗಳ ಬಟ್ಟೆಗೆ, ಕೂದಲಿಗೆ, ಹಾಸಿಗೆಗೆ ಊದಿನ ಹೊಗೆ ಹಾಕುವುದು ಅವಳ ಕಸುಬು. ಗಂಧದ ಚಕ್ಕೆ, ಲವಂಗ, ಗುಲಾಬಿ ನೀರು, ಸಕ್ಕರೆ ಪಾಕ ಕಲಸಿ ಕೆಂಡದ ಮೇಲಿಟ್ಟಳೆಂದರೆ ಮುಂದಿನ ಗಲ್ಲಿಯಲ್ಲಿ ಹೋಗುವವರೂ ಹೆಜ್ಜೆ ನಿಧಾನ ಮಾಡುತ್ತಿದ್ದರು. ಹೆಂಗಸರ ಹಾಡು, ಏಲಕ್ಕಿ ಕಾಫಿ, ಮೈಗೆಲ್ಲ ಮಲ್ಲಿಗೆ! ಎಂಥಾ ದಿನಗಳು ಅವು. ಈಗ ಬಾಟಲಿಯಿಂದ ಪುಸ್ ಅನ್ನಿಸಿದರೆ ಮದುಮಗಳು ತಯಾರು.

ಒಬ್ಬಳೇ ಮಗಳು ಮೈಸರಾಳ ಮದುವೆಗಂತೂ ಅವಳ ಕಾಲು ನೆಲದ ಮೇಲಿರಲಿಲ್ಲ. ಮನೆ ಹವಳದ ಕಲ್ಲಿನದು, ಗೋಡೆಯ ಸುಣ್ಣದ ಗಾರೆ ಉದುರುತ್ತಿತ್ತು. ಬೀಗರೆದುರು ಮಾನ ಹೋಗಬಾರದೆಂದು ಮಗಳ ಕೋಣೆಗೆ ಸಿಮೆಂಟು ಮೆತ್ತಿಸಿ, ಮೇಲೆ ಫಳಫಳ ಹೊಳೆಯುವ ನೀಲಿ ಎಣ್ಣೆಬಣ್ಣ ಹೊಡೆಸಿದಳು. ಹವಳದ ಕಲ್ಲು ತೇವ ಹೀರುತ್ತದೆ, ಮೇಲೆ ಸುಣ್ಣವಿದ್ದರೆ ಹೊರಗೆ ಬಿಡುತ್ತದೆ, ಸಿಮೆಂಟು ಮೆತ್ತಿದರೆ ತೇವ ಒಳಗೇ ನಿಲ್ಲುತ್ತದೆ. ಇದು ನಮ್ಮವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಆಗ ಸಿಮೆಂಟಿಲ್ಲದ ಮನೆಯನ್ನು ಮನೆ ಅಂತ ಯಾರು ಕರೆಯುತ್ತಿದ್ದರು?

ಮೈಸರಾ ಹೆತ್ತ ವಾರದಲ್ಲೇ ತೀರಿಕೊಂಡಳು. ಅಳಿಯ ಮಸ್ಕತ್ತಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಉಳಿದದ್ದು ಮಗು ಥುರಯ್ಯಾ, ಮತ್ತೆ ನೀಲಿ ಕೋಣೆಯ ಬೀರುವಿನಲ್ಲಿ ಮಗಳ ಕಾಂಗಾ ಬಟ್ಟೆಗಳು. ಬೀರು ತೆರೆದರೆ ಒಂದು ವಾಸನೆ ಬರುತ್ತಿತ್ತು. ಮಳೆ ಬಿದ್ದ ಮಣ್ಣಿನಂಥ, ಸ್ವಲ್ಪ ಹುಳಿಯಾದ ವಾಸನೆ. ಊದು, ಬೆವರು, ಬಾಣಂತಿಯ ಎಣ್ಣೆ ಎಲ್ಲ ಬೆರೆತದ್ದು, ಇದು ನನ್ನ ಮಗಳದೇ ಎಂದು ಬೀ ಜುವೇನಾ ನಂಬಿದ್ದಳು. ಸಂಜೆಯಾದರೆ ಮೊಮ್ಮಗಳನ್ನು ಬೀರುವಿನ ಮುಂದೆ ನಿಲ್ಲಿಸಿ, "ಮೂಸು ಕಂದಾ, ನಿಮ್ಮಮ್ಮ" ಅನ್ನುತ್ತಿದ್ದಳು. ಮಗು ಕಣ್ಣುಮುಚ್ಚಿ ಮೂಸುತ್ತಿತ್ತು. ಅದು ಮಲಗುತ್ತಿದ್ದದ್ದೂ ಅಲ್ಲೇ.

ಪ್ರತಿ ಮಳೆಗಾಲಕ್ಕೂ ಮಗುವಿನ ಎದೆ ಗೊರಗೊರ ಅನ್ನುತ್ತಿತ್ತು. ಥುರಯ್ಯಾಗೆ ಎಂಟು ತುಂಬಿದ ವರ್ಷ ಮಟಮಟ ಮಧ್ಯಾಹ್ನ ಉಸಿರು ಸಿಕ್ಕಿಕೊಂಡು ತುಟಿ ನೀಲಿಗಟ್ಟಿತು. ಆಸ್ಪತ್ರೆಗೆ ಹೊತ್ತುಕೊಂಡು ಓಡಿದರು. ಅಲ್ಲಿದ್ದ ಡಾಕ್ಟರ್ ಅರಾಫಾ ಇದೇ ಬೀ ಜುವೇನಾ ಹೊಗೆ ಹಾಕಿ ಗಂಡನ ಮನೆಗೆ ಕಳಿಸಿದ್ದ ಹುಡುಗಿ. ಮಗುವಿಗೆ ಉಸಿರು ಬಂದಮೇಲೆ, ಇನ್ನೊಂದು ಸಲ ಹೀಗಾದರೆ ಉಳಿಸಿಕೊಳ್ಳುವುದು ಕಷ್ಟ, ಮೊದಲು ಮನೆಯಲ್ಲಿ ಊದು ನಿಲ್ಲಿಸಿ ಅಂದಳು.

ಮುದುಕಿಗೆ ಉರಿದುಹೋಯಿತು. "ನಿನ್ನ ಮದುವೇಲಿ ಮನೆ ತುಂಬ ಹೊಗೆ ಹಾಕಿದ್ದೆನಲ್ಲ, ನಿನ್ನ ಗಂಡ ಕೆಮ್ಮಿದ್ನೇನೇ?"

"ಕೆಮ್ಮಿದ್ರು ಬೀಬಿ, ನಿಮ್ಮ ಹೆದರಿಕೆಗೆ ಹೊರಗೆ ಹೋಗಿ ಕೆಮ್ಮಿದ್ರು" ಎಂದಳು ಅರಾಫಾ.

ಮುದುಕಿ ಗೊಣಗುತ್ತಲೇ ಊದು ನಿಲ್ಲಿಸಿದಳು. ಮಗುವಿನ ಕೆಮ್ಮು ಕಡಿಮೆಯಾಯಿತು, ಹೋಗಲಿಲ್ಲ. ಆದರೆ ಊದಿನ ಘಮ ಕಳೆದಮೇಲೆ ಬೀರುವಿನ ವಾಸನೆ ಕೋಣೆಯೆಲ್ಲ ತುಂಬಿಕೊಂಡಿತು. ಮಗಳೇ ಬಂದು ಕೂತ ಹಾಗಾಯಿತು ಬೀ ಜುವೇನಾಗೆ. ಓಣಿಯವರಿಗೆಲ್ಲ ಹೇಳಿಕೊಂಡು ಬಂದಳು.

ಕೆಮ್ಮು ಇನ್ನೂ ಹೋಗಿಲ್ಲವೆಂದು ಕೇಳಿ ಅರಾಫಾ ಮನೆಗೇ ಬಂದಳು. ಬೂಷ್ಟು ಇದೆಯೇ ಅಂತ ನೋಡಲು ಗಂಜಿಯಂಥ ಲೇಪವಿದ್ದ ಎರಡು ಪುಟ್ಟ ತಟ್ಟೆಗಳನ್ನು, ಒಂದು ಅಂಗಳದಲ್ಲಿ ಒಂದು ಕೋಣೆಯಲ್ಲಿ, ಸ್ವಲ್ಪ ಹೊತ್ತು ತೆರೆದಿಟ್ಟು ಮುಚ್ಚಿಕೊಂಡು ಹೋದಳು. ವಾರದ ಮೇಲೆ ಮುಚ್ಚಳ ತೆಗೆಯದೆ ತೋರಿಸಿದಳು. ಅಂಗಳದ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಕೋಣೆಯದರಲ್ಲಿ ಕಪ್ಪು, ಹಸಿರು, ಜಾಗವೇ ಇರಲಿಲ್ಲ. ಎಲ್ಲೋ ಅಡಗಿದೆ ಎಂದು ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೀರು ಸರಿಸಿದಳು.

ನೀಲಿ ಬಣ್ಣ ಬೊಕ್ಕೆಯೆದ್ದು ಒಡೆದಿತ್ತು. ಅದರ ಮೇಲೆ ಆಳೆತ್ತರಕ್ಕೆ ಕರೀ ಬೂಷ್ಟು. ವಾಸನೆ ಮುಖಕ್ಕೆ ರಾಚಿತು. ಬೀ ಜುವೇನಾ ಗೋಡೆಯ ಹತ್ತಿರ ಹೋಗಿ ಮೂಸಿದಳು. ಬೀರುವಿನ ಕಾಂಗಾ ಮೂಸಿದಳು. ಮತ್ತೆ ಗೋಡೆ ಮೂಸಿದಳು. ಊರಿಗೇ ದೊಡ್ಡ ಮೂಗು ಅದು, ಇನ್ನು ಅದಕ್ಕೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. "ಇಷ್ಟು ವರ್ಷ ಇದನ್ನಾ ನಾನು ಮಗೂಗೆ ಮೂಸಿಸಿದ್ದು?" ಎಂದಳು.

ಥುರಯ್ಯಾಳನ್ನು ಪಕ್ಕದ ಮನೆಗೆ ಕಳಿಸಿ ಸಿಮೆಂಟು ಕೆತ್ತಿಸಿದರು. ಕಲ್ಲು ಒಣಗುವತನಕ ಬಿಟ್ಟು ಸುಣ್ಣದ ಗಾರೆ ಹಾಕಿಸಿದರು. ಕಪ್ಪು ಹಿಡಿದ ಕಾಂಗಾಗಳನ್ನು ಬೀ ಜುವೇನಾ ತಾನೇ ಸುಟ್ಟಳು, ಉಳಿದೊಂದನ್ನು ಕುದಿನೀರಿಗೆ ಹಾಕಿ ಬಿಸಿಲಿಗೆ ಹರವಿದಳು. ಒಣಗಿದ್ದನ್ನು ಮೂಸಿದರೆ ಬರೀ ಸೋಪು. ಮಗಳು ಎರಡನೇ ಸಲ ಸತ್ತಷ್ಟು ಅತ್ತಳು.

ಗಲ್ಲಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ಥುರಯ್ಯಾ ಓಡಿಬಂದು ಪಕ್ಕ ಕೂತಳು.

"ಅಮ್ಮನ ವಾಸನೆ ಹೋಯ್ತಲ್ಲ ಕಂದಾ."

ಹುಡುಗಿ ತಲೆ ತಗ್ಗಿಸಿದಳು. "ನಂಗದು ಯಾವತ್ತೂ ಇಷ್ಟ ಇರ್ಲಿಲ್ಲ ಬೀಬಿ. ಮೂಸಿದ್ರೆ ಎದೆ ಕಟ್ಕೊಳ್ತಿತ್ತು. ಹೇಳಿದ್ರೆ ನೀನು ಅಳ್ತೀಯ ಅಂತ ಸುಮ್ನಿದ್ದೆ."

ಬೀ ಜುವೇನಾ ಅವಳನ್ನು ಎಳೆದು ಎದೆಗೊತ್ತಿಕೊಂಡಳು. ಉಸಿರು ಸಲೀಸಾಗಿ ಬಂದು ಹೋಗುತ್ತಿತ್ತು, ಗೊರಗೊರ ಇರಲಿಲ್ಲ. ನೆತ್ತಿಗೆ ಮೂಗು ತಾಗಿತು. ತೆಂಗಿನೆಣ್ಣೆ, ಬಿಸಿಲು, ಆಡಿ ಬಂದ ಬೆವರು. ಮೈಸರಾ ಈ ವಯಸ್ಸಿನಲ್ಲಿ ಗಲ್ಲಿಯಿಂದ ಓಡಿಬಂದಾಗ ಥೇಟ್ ಹೀಗೇ ಇರುತ್ತಿದ್ದಳು. ಅದನ್ನು ತಾನು ಮರೆತೇಬಿಟ್ಟಿದ್ದಳು.