ರೆಹಾನಾ ಹೇಳಿದ್ದಳು

ರೆಹಾನಾ, ಅವತ್ತು ನೀನು ಹೇಳಿದ್ದೆ. ನನಗೆ ಕೇಳಿಸಿತ್ತು. ವಿಚಾರಣೆಯಲ್ಲಿ ನಾನು ಹೇಳಿದ್ದು ಸುಳ್ಳು.

ಇಷ್ಟು ಬರೆಯಲು ನನಗೆ ನಾಲ್ಕು ವರ್ಷ ಬೇಕಾಯಿತು — ಬೇಕಾಯಿತು ಎನ್ನುವುದೂ ಸರಿಯಲ್ಲ, ನಾನೇ ತೆಗೆದುಕೊಂಡೆ. ಆ ನಾಲ್ಕು ವರ್ಷವೂ ನಿನ್ನವು.

ತೆರಕಣಾಂಬಿ ಕಡೆಯ ಸೋಲಾರ್ ಪ್ಲಾಂಟಿನಲ್ಲಿ ನಾನು ಶಿಫ್ಟ್ ಇನ್‌ಚಾರ್ಜ್, ನೀನು ಆಪರೇಟರ್. ಗುಂಡ್ಲುಪೇಟೆಯ ವೆಲ್ಡಿಂಗ್ ಅಂಗಡಿಯವರ ಮಗಳು. ಡಿಪ್ಲೊಮಾ ಮುಗಿಸಿ ಬಂದ, ಆ ಪ್ಲಾಂಟಿನ ಮೊದಲ ಹೆಣ್ಣು ಆಪರೇಟರ್. ಹಗಲಿನ ಬಿಸಿಲಿನಿಂದ ಬಂದ ಕರೆಂಟನ್ನು ತುಂಬಿಟ್ಟುಕೊಂಡು ಸಂಜೆ ಊರುಗಳಿಗೆ ಬಿಡುವ ಆರು ಬ್ಯಾಟರಿ ಕಂಟೈನರುಗಳು — ಒಂದೊಂದೂ ಲಾರಿಯಷ್ಟು ದೊಡ್ಡವು — ನಮ್ಮಿಬ್ಬರ ಸುಪರ್ದಿನಲ್ಲಿದ್ದವು. ನಾನು ಕುರ್ಚಿ ಬಿಟ್ಟು ಏಳದೆ ಕಂಪ್ಯೂಟರಿನಲ್ಲಿ ಅಂಕಿ ನೋಡುತ್ತಿದ್ದೆ. ನೀನು ಗಂಟೆಗೊಮ್ಮೆ ಹೋಗಿ ಬಾಗಿಲಿಗೆ ಕಿವಿ ಕೊಟ್ಟು ಕೇಳಿ ಬರುತ್ತಿದ್ದೆ. ಎರಡು ಸಲ ಕಂಪ್ಯೂಟರಿಗಿಂತ ಮೊದಲೇ ದೋಷ ಹಿಡಿದಿದ್ದೆ. ಮೇಲಿನವರು ನನ್ನೆದುರೇ ನಿನ್ನನ್ನು ಹೊಗಳಿದರು. ನಾನೂ ನಕ್ಕು ತಲೆಯಾಡಿಸಿದೆ. ಒಳಗೆ ಮಾತ್ರ — ಹೇಳಿಬಿಡುತ್ತೇನೆ — ಹೊಟ್ಟೆ ಉರಿಯುತ್ತಿತ್ತು.

ಬೇಸಿಗೆ. ಸಂಜೆ ನಾಲ್ಕೂವರೆ ಇರಬೇಕು. ನೀನು ಹಣೆಯ ಬೆವರು ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲೇ ನಿಂತೆ. ಬಲಗೈಯನ್ನು ಉಜ್ಜಿಕೊಳ್ಳುತ್ತಿದ್ದೆ.

"ಸಾರ್, ಮೂರನೇದ್ರ ಫ್ಯಾನ್ ಸದ್ದು ಸರಿಯಿಲ್ಲ. ತಣ್ಣಗಾಗ್ತಾನೇ ಇಲ್ಲ. ಬಾಗ್ಲು ಮುಟ್ಟುದ್ರೆ ಸುಡ್ತದೆ. ಅದೊಂದ ನಿಲ್ಸಬುಡನ ಸಾರ್."

ಇನ್ನು ಅರ್ಧ ಗಂಟೆಗೆ ನಾವು ಗ್ರಿಡ್‌ಗೆ ಕರೆಂಟು ಬಿಡಬೇಕಿತ್ತು. ಒಂದು ಕಂಟೈನರ್ ನಿಲ್ಲಿಸಿದರೆ ಕಡಿಮೆ ಬೀಳುತ್ತದೆ, ಮೇಲಿನಿಂದ ಫೋನ್ ಬರುತ್ತದೆ, ಕಾರಣ ಕೊಡಬೇಕು. ಕೊಡಬಹುದಿತ್ತು. ಆದರೆ ಮೂರನೇ ಸಲವೂ ನೀನೇ ಸರಿ ಅಂತಾದರೆ —

"ಕರೆಂಟ್ ಬುಡೋ ಒತ್ನಲ್ಲಿ ನಿಲ್ಸದೇನಮ್ಮಿ? ನಾನ್ ನೋಡ್ಕತೀನಿ. ನೀನೋಗಿ ಆರ್ ಗಂಟೆಗಂಟ ಗೇಟತ್ರಾನೇ ಇದ್ಕಂಡು ಮೀಟ್ರು ಬರ್ಕಂಡ್ ಬಾ."

ನೀನು ಹೋದೆ. ಹೋದ ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಹಳದಿ ಎಚ್ಚರಿಕೆ ಬಂತು: ಮೂರನೆಯದರ ಶಾಖ ಏರುತ್ತಿದೆ. ಕಂಪ್ಯೂಟರಿನಲ್ಲಿ ಶಿಫ್ಟಿನ ಮೊದಲಲ್ಲಿ ನೀನು ತೆರೆದ ನಿನ್ನ ಲಾಗಿನ್ನೇ ಇತ್ತು. ನಾನು ಎದ್ದು ಹೋಗಿ ನೋಡಲಿಲ್ಲ. 'ಪರಿಶೀಲಿಸಲಾಗಿದೆ' ಎಂಬ ಗುಂಡಿ ಒತ್ತಿದೆ. ಇಪ್ಪತ್ತು ನಿಮಿಷದ ಮೇಲೆ ಮತ್ತೆ ಬಂತು. ಮತ್ತೆ ಒತ್ತಿದೆ.

ಆರಕ್ಕೆ ಮೊದಲೇ ಹೊಗೆ ಎದ್ದಿತು. ನಾನು ಫೋನು ಹಿಡಿದು ಯಾರಿಗೆ ಮಾಡಲಿ ಎಂದು ನಿಂತಿದ್ದಾಗ ನೀನು ಗೇಟಿನಿಂದ ಓಡಿ ಬಂದೆ, ಆ ಹೊಗೆಯೊಳಗೇ ನುಗ್ಗಿ ತುರ್ತು ಸ್ವಿಚ್ ಒತ್ತಿದೆ. ಅಗ್ನಿಶಾಮಕದವರು ಬರುವಷ್ಟರಲ್ಲಿ ಮೂರನೆಯದು ಕರಕಲಾಗಿತ್ತು. ಉಳಿದ ಐದು ಉಳಿದದ್ದು ನಿನ್ನಿಂದ. ಹೊಗೆಗೆ ಉಸಿರು ಕಟ್ಟಿ ನೀನು ಚಾಮರಾಜನಗರದ ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿದೆ. ನಾನು ಕಿತ್ತಳೆ ತೆಗೆದುಕೊಂಡು ನೋಡಲು ಬಂದಿದ್ದೆ. ನಿನ್ನ ತಂದೆ ನನ್ನ ಎರಡೂ ಕೈ ಹಿಡಿದುಕೊಂಡು, "ನೀವ್ ಇದ್ರಲ್ಲ ಸಾರ್, ಅಷ್ಟೇ ಧೈರ್ಯ" ಅಂದರು. ನಾನು ಕೈ ಬಿಡಿಸಿಕೊಳ್ಳಲಿಲ್ಲ.

ವಿಚಾರಣೆಗೆ ಹೊರಗಿನಿಂದ ಇಬ್ಬರು ಬಂದರು. ಎರಡು ಸಲವೂ ಎಚ್ಚರಿಕೆ ತೆಗೆದದ್ದು ನಿನ್ನ ಹೆಸರಿನಲ್ಲಿ ಎಂದು ದಾಖಲೆ ತೋರಿಸಿದರು. ನೀನು ಹೆದರಲಿಲ್ಲ. "ಆಗ ನಾನು ರೂಮಲ್ಲೇ ಇರ್ನಿಲ್ಲ ಸಾರ್. ಅದುಕ್ಕೂ ಮುಂಚೆ ಇವರ್ಗೆ ಹೇಳಿದ್ದೆ, ಕೇಳಿ ಬೇಕಾರೆ" ಎಂದು ನನ್ನ ಕಡೆ ತಿರುಗಿದೆ. ಆ ನೋಟದಲ್ಲಿ ದೂರು ಇರಲಿಲ್ಲ. ನಾನು ನಿಜ ಹೇಳುತ್ತೇನೆ ಎಂಬ ನಂಬಿಕೆ ಇತ್ತು.

"ಹೇಳಿದ್ರಾ ಇವರು?" ಎಂದು ಕೇಳಿದರು.

"ಇಲ್ಲ" ಅಂದೆ.

ನೀನು ಏನೋ ಹೇಳಲು ಬಾಯಿ ತೆರೆದೆ, ಕೆಮ್ಮು ಬಂತು. ಕೆಮ್ಮು ನಿಲ್ಲುವಷ್ಟರಲ್ಲಿ ಅವರು ಬರೆದುಕೊಂಡಾಗಿತ್ತು.

ನಿನ್ನನ್ನು ಕೆಲಸದಿಂದ ತೆಗೆದರು. ಆಮೇಲೆ ಬಂದ ಹೆಣ್ಣುಮಕ್ಕಳ ಅರ್ಜಿಗಳನ್ನು "ಒಂದ್ ಸಲ ನೋಡಾಯ್ತಲ್ಲ" ಎಂದು ಪಕ್ಕಕ್ಕಿಟ್ಟರು. ಆ ಮಾತಾಡುವಾಗಲೂ ನಾನು ಅಲ್ಲೇ ಇದ್ದೆ. ಸಾಲದ್ದಕ್ಕೆ, ಹೊಸದಾಗಿ ಸೇರಿದವರಿಗೆ ತರಬೇತಿ ಕೊಡುವುದು ನನ್ನ ಪಾಲಿಗೆ ಬಂತು. ನೋಡದೆ ಗುಂಡಿ ಒತ್ತಿದ ಒಬ್ಬ ಹುಡುಗಿಯ ಕಥೆಯನ್ನು ಅವರಿಗೆ ಹೇಳುತ್ತ ಬಂದೆ — ಎಷ್ಟು ಸಲ ಹೇಳಿದೆನೆಂದರೆ, ಹೇಳುವಾಗ ನಾಲಿಗೆ ತಡವರಿಸುವುದೂ ನಿಂತುಹೋಯಿತು.

ಹೋದ ತಿಂಗಳು ಮನೆಯ ಯುಪಿಎಸ್ ಬ್ಯಾಟರಿ ಕೆಟ್ಟಿತೆಂದು ಗುಂಡ್ಲುಪೇಟೆಗೆ ಒಯ್ದೆ. ಯಾರೋ ತೋರಿಸಿದ ಅಂಗಡಿಯಲ್ಲಿ ನೀನಿದ್ದೆ. ತಂದೆಯ ವೆಲ್ಡಿಂಗ್ ಅಂಗಡಿಯ ಮುಂಭಾಗವನ್ನೇ ಬ್ಯಾಟರಿ ರಿಪೇರಿಗೆ ಮಾಡಿಕೊಂಡಿದ್ದೆ. ನೀನು ನನ್ನ ಗುರುತು ಹಿಡಿದೆ. ಬೈಯಲಿಲ್ಲ. ಬ್ಯಾಟರಿಯ ಮುಚ್ಚಳ ಬಿಚ್ಚುತ್ತ, ತಲೆ ಎತ್ತದೆಯೇ ಕೇಳಿದೆ:

"ಸಾರ್, ಒಂದ್ ಕೇಳ್ಲಾ? ಅವತ್ತು ನಾನು ನಿಮ್ಗೆ ಹೇಳಿದ್ದೆ ಅಲ್ವಾ? ಇತ್ತಿತ್ಲಾಗೆ ನನ್ಗೇ ಡೌಟು. ಹೇಳ್ಬೇಕು ಅನ್ಕಂಡು ಹೇಳ್ದೇ ಬಂದ್ಬುಟ್ನೇನೋ ಅಂತ... ಆ ಗುಂಡಿನೂ ನಾನೇ ಒತ್ತುದ್ನೇನೋ ಅಂತ."

ಆ ಹೊತ್ತಿಗೆ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಒಂದು 'ಹೌದು' ಸಾಕಿತ್ತು.

"ನೆನಪಿಲ್ಲ ಕಣಮ್ಮ" ಅಂದೆ.

"ಇರ್ಲಿ ಬುಡಿ ಸಾರ್" ಅಂದೆ ನೀನು. ನನ್ನ ಬ್ಯಾಟರಿಯನ್ನು ಸರಿಮಾಡಿಯೇ ಕೊಟ್ಟೆ.

ನಿನ್ನ ಕೆಲಸ ಕಿತ್ತುಕೊಂಡದ್ದು ಮಾತ್ರ ನನ್ನ ತಪ್ಪು ಎಂದುಕೊಂಡಿದ್ದೆ ಇಷ್ಟು ದಿನ. ನಿನ್ನ ಕಿವಿ, ನಿನ್ನ ಕೈ, ನಿನ್ನ ನೆನಪು — ಇವುಗಳ ಮೇಲೆ ನಿನಗೇ ಇದ್ದ ನಂಬಿಕೆಯನ್ನೂ ಕಿತ್ತುಕೊಂಡಿದ್ದೇನೆ ಎಂದು ಅವತ್ತು ಗೊತ್ತಾಯಿತು. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆದಿದ್ದೇನೆ. ಸ್ವಲ್ಪವೂ ಸಂಶಯ ಇಟ್ಟುಕೊಳ್ಳಬೇಡ. ನೀನು ಹೇಳಿದ್ದೆ. ಗುಂಡಿ ಒತ್ತಿದವನು ನಾನು.

ಇದನ್ನೇ ಇವತ್ತು ಬೆಳಿಗ್ಗೆ ಸಹಿ ಮಾಡಿ ಪ್ಲಾಂಟಿನ ಮ್ಯಾನೇಜರಿಗೆ ಕೊಟ್ಟೆ. ಅವರು ಓದಿ ಕಾಗದವನ್ನು ಮೇಜಿನ ಮೇಲೆ ನನ್ನ ಕಡೆಗೇ ಸರಿಸಿದರು. "ಹಳೇದ್ನೆಲ್ಲ ಯಾಕ್ರೀ ಕೆದಕ್ತೀರಾ? ತಗೊಂಡೋಗಿ. ನಾನು ನೋಡೇ ಇಲ್ಲ ಅನ್ಕೋತೀನಿ." ನನ್ನ ಕೈ ಆ ಕಾಗದದ ಕಡೆ ಹೋಯಿತು — ಅದನ್ನೂ ಮುಚ್ಚಿಡುವುದಿಲ್ಲ. ತೆಗೆದುಕೊಳ್ಳಲಿಲ್ಲ. ಹಟ ಹಿಡಿದು, ಕಾಗದ ತಲುಪಿದೆ ಎಂದು ನಕಲಿನ ಮೇಲೆ ಮೊಹರು ಹಾಕಿಸಿಕೊಂಡೇ ಹೊರಗೆ ಬಂದೆ. ಆ ನಕಲನ್ನು ಇದರ ಜೊತೆ ಇಟ್ಟಿದ್ದೇನೆ. ಯಾರಿಗೆ ಬೇಕಾದರೂ ತೋರಿಸು, ಮೊದಲು ನಿನ್ನ ತಂದೆಗೆ.

ಕ್ಷಮಿಸು ಎಂದು ಬರೆದು ಹೊಡೆದು ಹಾಕಿದೆ. ನಿನ್ನ ಹತ್ತಿರ ಇನ್ನೇನನ್ನೂ ಕೇಳುವ ಹಕ್ಕು ನನಗಿಲ್ಲ. ಇನ್ನು ಮೇಲೆ ಯಾರು ಕೇಳಿದರೂ ನಡೆದದ್ದನ್ನೇ ಹೇಳುತ್ತೇನೆ. ಯಾರೂ ಕೇಳದಿದ್ದರೂ.