ಪಾಟೀಲ ಸರ್ ಆರಿಸಿಟ್ಟ ಎಲೆಗಳು

ಜನ ಮಾಸ್ಕುಗಳನ್ನು ಬೀರುವಿನ ಮೂಲೆಗೆ ತುರುಕಿ ಮತ್ತೆ ಮದುವೆ ಮುಂಜಿಗಳಿಗೆ ಓಡಾಡಲು ಶುರುಮಾಡಿದ ವರ್ಷ ಅದು. ಆಗ ನಾನು ವಿಶಾಖಪಟ್ಟಣದಲ್ಲಿ ಮನೆಮನೆಗೆ ಹೋಗಿ ಅಕ್ವೇರಿಯಂ ಕಟ್ಟಿಕೊಟ್ಟು, ತಿಂಗಳಿಗೆರಡು ಸಲ ಹೋಗಿ ನೋಡಿಕೊಳ್ಳುತ್ತಿದ್ದೆ. ಈಗಲೂ ಅದೇ ಕೆಲಸ. ವಿಸಿಟಿಂಗ್ ಕಾರ್ಡಿನಲ್ಲಿ ‘ಅಕ್ವಾಸ್ಕೇಪರ್’ ಎಂದು ಅಚ್ಚು ಹಾಕಿಸಿದ್ದೇನೆ. ನಮ್ಮಪ್ಪ ತೆಲುಗಿನವರು, ನೆಂಟರ ಮುಂದೆ ನನ್ನನ್ನು ‘ಮೀನಿನ ತೊಟ್ಟಿ ತೊಳೆಯುವವನು’ ಎಂದೇ ಪರಿಚಯಿಸುತ್ತಾರೆ. ಅಮ್ಮ ಕೋಲಾರದವರು, ‘ಇಂಜಿನಿಯರಿಂಗ್ ಓದಿದ್ದಾನೆ’ ಎಂದಷ್ಟೇ ಹೇಳಿ ಮಾತು ಬದಲಿಸುತ್ತಾರೆ. ಇಬ್ಬರ ದನಿಯನ್ನೂ ಅವರೆದುರಿಗೇ ಅನುಕರಿಸಿ ಬೈಸಿಕೊಳ್ಳುವುದು ನನ್ನ ಚಟ. ಗಿರಾಕಿಗಳೂ ನನ್ನ ಮಿಮಿಕ್ರಿಯಿಂದ ತಪ್ಪಿಸಿಕೊಂಡವರಲ್ಲ. ಒಂದು ಸಲ ಕೆಮ್ಮಿದರೆ ಸಾಕು, ಆ ಕೆಮ್ಮು ನನ್ನದಾಗುತ್ತಿತ್ತು.

ಅವರಲ್ಲಿ ನನಗೆ ತೀರಾ ಹಿಡಿಸಿದ ದನಿ ಪಾಟೀಲ ಸರ್ ಅವರದು. ಧಾರವಾಡ ಕಡೆಯವರು. ಉಕ್ಕಿನ ಕಾರ್ಖಾನೆಯಲ್ಲಿ ಇಂಜಿನಿಯರ್, ಟೌನ್‌ಶಿಪ್ಪಿನ ಕ್ವಾರ್ಟರ್ಸಿನಲ್ಲಿ ವಾಸ. ಕುಲುಮೆಯ ಸದ್ದಿನ ನಡುವೆ ಮೂವತ್ತು ವರ್ಷ ಕೂಗಿ ಕೂಗಿ ಗಂಟಲು ದಪ್ಪವಾಗಿತ್ತು. ಮನೆಯಲ್ಲಿ ಉಪ್ಪು ಕೇಳಿದರೂ ಪಕ್ಕದ ಬೀದಿಯವರು ಉಪ್ಪು ತರಬೇಕು, ಹಾಗೆ. ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. “ಬಾರಲೇ ಮಂಗ್ಯಾ!”

ಅವರ ಮೂರಡಿ ಉದ್ದದ ಟ್ಯಾಂಕು ನಾನು ಕಟ್ಟಿಕೊಡುವಂಥ ಹಸಿರು ತೋಟವಲ್ಲ. ತಳದ ತುಂಬ ಒಣಗಿದ ಬಾದಾಮಿ ಎಲೆ. ಬೀದಿಬದಿಯಲ್ಲಿ ಕೊಡೆಯಂತೆ ಹರಡಿ ನಿಲ್ಲುತ್ತದಲ್ಲ, ಆ ಕಾಡುಬಾದಾಮಿ. ಅದರ ಎಲೆ ನೀರಿಗೆ ಬಿದ್ದರೆ ಟ್ಯಾನಿನ್ ಎಂಬ ಒಗರು ಪದಾರ್ಥವನ್ನು ನಿಧಾನವಾಗಿ ಬಿಡುತ್ತದೆ. ನೀರು ಚಹಾದ ಬಣ್ಣಕ್ಕೆ ತಿರುಗಿ, ಸ್ವಲ್ಪ ಹುಳಿಯಾಗುತ್ತದೆ, ಅಂದರೆ pH ಇಳಿಯುತ್ತದೆ. ಎಲೆ ಕೊಳೆಯುತ್ತ ಹೋದಂತೆ ಅದರ ಮೇಲೆ ಕಣ್ಣಿಗೆ ಕಾಣದ ಜೀವಿಗಳು ಬೆಳೆಯುತ್ತವೆ. ಮರಿಮೀನಿಗೆ ಅದೇ ಮೊದಲ ಊಟ. ಕಾಡಿನ ತೊರೆಯೊಂದನ್ನು ಗಾಜಿನೊಳಗೆ ಕೂರಿಸುವ ವಿಧಾನ ಇದು. ಬಂದವರೆಲ್ಲ “ನೀರು ಬದಲಾಯಿಸೋದಿಲ್ವಾ ಸರ್?” ಎಂದು ಕೇಳುವರು. ಸರ್ ಗುಡುಗುವರು: “ಹೊಲಸಲ್ರೀ ಅದು, ಕಷಾಯ! ನಿಮಗೂ ಒಂದು ಲೋಟ ಕೊಡ್ಲೇನು?”

ಅದರೊಳಗೆ ಏಳು ಚಾಕೊಲೇಟ್ ಗೌರಾಮಿ. ಬೆರಳುದ್ದದ, ಕಂದು ಮೈಗೆ ಬಿಳಿ ಪಟ್ಟೆ ಎಳೆದಂಥ, ತುಂಬ ನಾಜೂಕಿನ ಮೀನು. ಹೆಣ್ಣು ಮೊಟ್ಟೆಗಳನ್ನು ಬಾಯಲ್ಲಿ ಹಿಡಿದುಕೊಂಡು ಎರಡು ವಾರಕ್ಕೂ ಹೆಚ್ಚು ಉಪವಾಸವಿದ್ದು, ಆಮೇಲೆ ಮರಿಗಳನ್ನು ಉಗುಳುತ್ತದೆ. ಸರ್‌ಗೆ ಆ ಮರಿಗಳನ್ನು ನೋಡುವ ಆಸೆ. ಎರಡು ಸಲ ದೊಡ್ಡ ಹೆಣ್ಣು ಮೊಟ್ಟೆ ಹಿಡಿದು, ಅರ್ಧ ದಾರಿಯಲ್ಲಿ ನುಂಗಿಬಿಟ್ಟಿತ್ತು.

ಎಲೆಯ ವಿಷಯದಲ್ಲಿ ಅವರು ಕಾರ್ಖಾನೆಯ ಕ್ವಾಲಿಟಿ ಇನ್‌ಸ್ಪೆಕ್ಟರ್. ಕ್ವಾರ್ಟರ್ಸಿನ ಹಿಂದಿನ ಮರದಿಂದ ತಾನಾಗಿ ಉದುರಿದ ಎಲೆಯೇ ಆಗಬೇಕು. ಮೂರು ದಿನ ಬಿಸಿಲು, ಹತ್ತು ನಿಮಿಷ ಕುದಿ, ಒಂದು ಹಗಲು ಒಂದು ರಾತ್ರಿ ನೆನೆ. ಆಮೇಲೆ ಒಂದೇ ಎಲೆ ಹಾಕಿ ಒಂದು ದಿನ ಕಾಯುವುದು. “ಎಲಿ ನೋಡಬ್ಯಾಡಲೇ ಮಂಗ್ಯಾ, ಗಿಡಾ ನೋಡು. ಗಿಡದ ಬಾಜೂಕ ಏನೈತಿ, ಅದನ್ನ ನೋಡು.” ಗಿಡ ಅಂದರೆ ಅವರ ಕಡೆ ಮರ, ಬಾಜೂಕ ಅಂದರೆ ಪಕ್ಕದಲ್ಲಿ. ಈ ಮಾತನ್ನು ನಾನು ಕತ್ತು ಬಗ್ಗಿಸಿ, ಕನ್ನಡಕ ಮೂಗಿನ ತುದಿಗಿಳಿಸಿ, ಅವರದೇ ದನಿಯಲ್ಲಿ ಹೇಳಿ ತೋರಿಸುತ್ತಿದ್ದೆ. ಅವರ ಹೆಂಡತಿ ಗಿರಿಜಮ್ಮ ಅಡುಗೆಮನೆ ಬಾಗಿಲಲ್ಲಿ ಸೆರಗು ಬಾಯಿಗಿಟ್ಟು ನಗುವರು: “ಒಬ್ಬ ಪಾಟೀಲನ್ನ ಸಂಬಾಳಿಸೂದ ಸಾಕಾಗೇತಿ, ಈಗ ಇಬ್ಬರಾದ್ರಲ್ಲಪಾ!”

ಮಾತು ನನ್ನ ಬಾಯಿಗೆ ಬಂದಿತ್ತು. ತಲೆಗೆ ಹೋಗಿರಲಿಲ್ಲ.

ನಿವೃತ್ತಿಗೆ ಇನ್ನೂ ಒಂದು ವರ್ಷವಿರುವಾಗ, ಒಂದು ಬೆಳಿಗ್ಗೆ ಡ್ಯೂಟಿಗೆ ಹೊರಟವರು ಬಸ್‌ಸ್ಟಾಪಿನಲ್ಲಿ ಕುಸಿದರು. ಹೃದಯಾಘಾತ. ಕ್ವಾರ್ಟರ್ಸ್ ಬಿಡಬೇಕಾಯಿತು. ಗಿರಿಜಮ್ಮ ವಿಜಯವಾಡದಲ್ಲಿ, ಬೆಂಜ್ ಸರ್ಕಲ್ ಹತ್ತಿರದ ಮಗಳ ಫ್ಲಾಟಿಗೆ ಹೊರಟರು. ಸೋಫಾ, ಮಂಚ ಎಲ್ಲವನ್ನೂ ಅವರಿವರಿಗೆ ಕೊಟ್ಟರು. ಟ್ಯಾಂಕು ಮಾತ್ರ ಬರಬೇಕೆಂದರು. ಹಳೆಯ ನೀರು, ಹಳೆಯ ಎಲೆ, ಏಳು ಮೀನು, ಎಲ್ಲವನ್ನೂ ವ್ಯಾನಿನಲ್ಲಿ ನಾನೇ ಕೊಂಡೊಯ್ದೆ. ಒಂದು ಮೀನೂ ಸಾಯಲಿಲ್ಲ. ಆ ಹೆಮ್ಮೆ ನನ್ನ ತಲೆಗೇರಿದ್ದು ಈಗ ಒಪ್ಪಿಕೊಳ್ಳುತ್ತೇನೆ.

ಎರಡು ತಿಂಗಳ ನಂತರ ಗಿರಿಜಮ್ಮನ ಫೋನ್ ಬಂತು. “ತಮ್ಮಾ, ದೊಡ್ಡಾಕಿ ಹತ್ತು ದಿನ ಆತು, ಏನೂ ತಿನ್ನವಲ್ಲಳು. ಗದ್ದ ಬಾತಂಗ ಕಾಣತೈತಿ. ಅವರು ಕಾಯ್ತಿದ್ರಲ್ಲ, ಅದ ಏನು?”

ಸಿಕ್ಕ ರೈಲು ಹತ್ತಿದೆ. ಹೋಗಿ ನೋಡಿದರೆ ಅದೇ. ದೊಡ್ಡ ಹೆಣ್ಣು ಮೂಲೆಯಲ್ಲಿ ನಿಂತಿತ್ತು, ಗಂಟಲು ಉಬ್ಬಿತ್ತು. ಆದರೆ ನೀರು ಚಹಾದ ಬಣ್ಣ ಕಳೆದುಕೊಂಡು ತಿಳಿಯಾಗಿತ್ತು. ಹಳೆಯ ಎಲೆಗಳು ಕೊಳೆತು ನರ ಮಾತ್ರ ಉಳಿದಿದ್ದವು. ಇನ್ನೊಂದು ವಾರಕ್ಕೆ ಮರಿಗಳು ಹೊರಬರುತ್ತವೆ. ಹೊಸ ಎಲೆಯ ಮೇಲೆ ಮರಿಗಳ ಊಟ ಬೆಳೆಯಲೂ ವಾರ ಬೇಕು. ಎಲೆ ಇವತ್ತೇ ಬೀಳಬೇಕು. ಎಲೆಯ ಚೀಲವೋ ವಿಶಾಖಪಟ್ಟಣದಲ್ಲಿ ನನ್ನ ಮಂಚದ ಮೇಲೆ ಕೂತಿತ್ತು! ‘ತಲೆ ಕತ್ತಿಗೆ ಅಂಟಿಕೊಂಡಿದೆ, ಅದಕ್ಕೇ ಜೊತೆಗೆ ಬಂದಿದೆ’ ಎಂಬ ಅಮ್ಮನ ದನಿ ನನಗೇ ಕೇಳಿಸಿತು.

ಗಿರಿಜಮ್ಮ ಒಳಗಿನಿಂದ ಒಂದು ಸ್ಟೀಲಿನ ಡಬ್ಬಿ ತಂದಿಟ್ಟರು. ಮುಚ್ಚಳ ತೆಗೆದೆ. ಹಳೆ ಪೇಪರಿನ ಪದರುಗಳ ನಡುವೆ ಬಾದಾಮಿ ಎಲೆಗಳು, ಇಸ್ತ್ರಿ ಮಾಡಿದಂತೆ. ಪ್ರತಿ ಪದರಿನ ಮೇಲೂ ಸರ್ ಕೈಬರಹ: ‘ಬಿಸಿಲು ಆಯ್ತು’, ‘ಕುದಿಸಿಲ್ಲ’, ‘ಛಲೋ ಎಲಿ’.

“ಇವನ್ನ ಹಾಕು,” ಅಂದರು.

ನನಗೆ ಕೈ ಬರಲಿಲ್ಲ. ಹಾಕಿದರೆ ಮೂರು ತಿಂಗಳಲ್ಲಿ ಕೊಳೆತುಹೋಗುತ್ತವೆ. ಆಮೇಲೆ ಈ ಅಮ್ಮನಿಗೆ ಏನುಳಿಯುತ್ತದೆ? ಮುಚ್ಚಳ ಹಾಕಿದೆ. “ಬೇಡಮ್ಮಾ, ಇದು ನೆನಪಿಗೆ ಇರಲಿ. ಎಲೆ ನಾನು ತರ್ತೀನಿ.”

ಅವರು ಏನೋ ಹೇಳಲು ಬಾಯಿ ತೆರೆದರು. ನಾನು ಆಗಲೇ ಚಪ್ಪಲಿ ಹಾಕುತ್ತಿದ್ದೆ.

ಆಟೋನಗರದಲ್ಲಿ, ಲಾರಿ ರಿಪೇರಿಯ ಶೆಡ್ಡುಗಳ ಸಾಲಿನಲ್ಲಿ, ಒಂದು ಬಾದಾಮಿ ಮರ ಇರುವುದನ್ನು ವ್ಯಾನಿನಲ್ಲಿ ಬಂದ ದಿನವೇ ನೋಡಿದ್ದೆ. ಬುಡದಲ್ಲಿ ಕೆಂಪಗೆ ಒಣಗಿದ ಎಲೆಗಳ ರಾಶಿ. ಪಕ್ಕದಲ್ಲೇ ಒಬ್ಬ ಮೂಗಿಗೆ ಬಟ್ಟೆ ಕಟ್ಟಿಕೊಂಡು ಲಾರಿಯೊಂದಕ್ಕೆ ನೀಲಿ ಬಣ್ಣ ಸ್ಪ್ರೇ ಹೊಡೆಯುತ್ತಿದ್ದ. ಅವನು ಮೂಗಿನಲ್ಲೇ ತೆಲುಗು ಮಾತಾಡುವುದನ್ನು ನಾನು ಅವನಿಗೇ ಅನುಕರಿಸಿ ತೋರಿಸಿ, ನಗಿಸಿ, ಚೀಲ ತುಂಬಿಕೊಂಡು ಬಂದೆ. ಗಿಡದ ಬಾಜೂಕ ಏನೈತಿ ಎಂಬುದು ನನ್ನ ಕಣ್ಣೆದುರಿಗೇ ಇತ್ತು. ನಾನು ಅದರ ಮಿಮಿಕ್ರಿ ಮಾಡುತ್ತಿದ್ದೆ.

ಎಲೆ ತೊಳೆದೆ. ಬಿಸಿನೀರು ಹುಯ್ದು ಐದು ನಿಮಿಷ ಬಿಟ್ಟೆ. ನೆನೆಸಲು ಹೊತ್ತಿಲ್ಲ, ಸಂಜೆಯ ರೈಲಿದೆ. ಒಂದಲ್ಲ, ಹನ್ನೆರಡು ಎಲೆ ಒಟ್ಟಿಗೆ ಹಾಕಿದೆ. ಹೊರಡುವಾಗ ಗಿರಿಜಮ್ಮ ಟ್ಯಾಂಕಿನ ಮುಂದೆ ಕುರ್ಚಿ ಎಳೆದುಕೊಂಡು ಕೂತಿದ್ದರು.

ಮರುದಿನ ಏಳು ಗಂಟೆಗೆ ಫೋನು. “ತಮ್ಮಾ, ಎಲ್ಲಾ ಮ್ಯಾಲ ಬಂದು ಬಾಯಿ ಬಿಡಾಕತ್ತಾವ.” ಎಲೆ ತೆಗೆಸಿದೆ, ಅರ್ಧ ನೀರು ಬದಲಾಯಿಸಲು ಹೇಳಿದೆ, ಮತ್ತೆ ರೈಲು ಹತ್ತಿದೆ. ತಲುಪುವ ಹೊತ್ತಿಗೆ ಆರು ಮೀನು ಹೋಗಿದ್ದವು. ದೊಡ್ಡ ಹೆಣ್ಣು ಬದುಕಿತ್ತು, ಒಂದು ಪಕ್ಕೆಗೆ ಒರಗಿಕೊಂಡು. ಬಾಯಿ ಇನ್ನೂ ಮುಚ್ಚಿಯೇ ಇತ್ತು. ಮಧ್ಯಾಹ್ನ ಮೂರರ ಸುಮಾರಿಗೆ ಅದು ಬಾಯಿ ತೆರೆಯಿತು. ಸಾಸಿವೆಕಾಳಿನಷ್ಟು ಮರಿಗಳು ಒಂದೊಂದಾಗಿ ತಳಕ್ಕೆ ಇಳಿದವು. ಕಣ್ಣು ಮೂಡಿತ್ತು, ಬಾಲ ಮೂಡಿತ್ತು. ಒಂದೂ ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ತಾಯಿಯೂ ಹೋಯಿತು.

ತೆಗೆದಿಟ್ಟ ಎಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಬೆನ್ನ ಮೇಲೆ ಸೂಜಿಮೊನೆಯಂಥ ನೀಲಿ ಚುಕ್ಕೆಗಳು. ಲ್ಯಾಬಿಗೆ ಕಳಿಸುವ ಅಗತ್ಯವಿರಲಿಲ್ಲ.

ಮಗಳು ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದಳು. ವಿಶಾಖಪಟ್ಟಣದಲ್ಲೇ ಬೆಳೆದವಳು, ಸಮಾಧಾನವೂ ತೆಲುಗಿನಲ್ಲೇ ಬರುತ್ತದೆ. “ಇಕ್ಕಡ ನೀಳ್ಳೇ ಅಂತೇ, ಅವ್ವಾ. ಇಲ್ಲಿ ನೀರೇ ಹಂಗ. ಪಾಪ, ಇವರೇನು ಮಾಡ್ತಾರ?” ನನಗೆ ತಪ್ಪಿಸಿಕೊಳ್ಳಲು ದಾರಿ ಸಿಕ್ಕಿತ್ತು. ನೀರಿನ ಮೇಲೆ ಹಾಕಿ ಎದ್ದು ಬರಬಹುದಿತ್ತು. ಕೈಯಲ್ಲಿದ್ದ ಎಲೆ ಬಿಡಲಿಲ್ಲ.

“ನೀರಲ್ಲ. ನಾನು. ಬಣ್ಣ ಬಿದ್ದ ಎಲೆ ತಂದೆ. ನೆನೆಸಲೂ ಇಲ್ಲ,” ಅಂದೆ.

ಗಿರಿಜಮ್ಮ ಒಳಗೆ ಹೋಗಿ ಡಬ್ಬಿ ತಂದು ನನ್ನ ತೊಡೆಯ ಮೇಲಿಟ್ಟರು. “ನೆನಪಿಗೆ ಫೋಟೋ ಐತಿ, ತಮ್ಮಾ. ಇದನ್ನ ಅವರು ನೀರಿಗೆ ಹಾಕಾಕ ಆರಿಸಿದ್ರು.”

ಅವರು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: “ಅವರ ದನೀಲೆ ಒಂದ್ಸಲ ನಿನ್ನ ನೀನ ಬೈಕೋ ನೋಡೂಣು.”

ಮೊದಲು ತಮಾಷೆ ಎಂದುಕೊಂಡೆ. ಅಲ್ಲ. ಕತ್ತು ಬಗ್ಗಿಸಿದೆ. ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದೆ. “ಲೇ ಮಂಗ್ಯಾ! ಗಿಡಾ ನೋಡು ಅಂದಿದ್ದಿಲ್ಲೇನಲೇ? ಗಿಡದ ಬಾಜೂಕ ಏನಿತ್ತು? ಕಣ್ಣು ಎಲ್ಲಿಟ್ಟಿದ್ದಿ? ಏಳು ಜೀವ, ಬಾಯಾಗಿನ ಕೂಸು…” ಅಷ್ಟು ಚೆನ್ನಾಗಿ ಆ ದನಿ ನನಗೆ ಎಂದೂ ಬಂದಿರಲಿಲ್ಲ.

ಗಿರಿಜಮ್ಮ ನನ್ನನ್ನು ನೋಡಲಿಲ್ಲ. ನನ್ನ ಹಿಂದೆ, ಸ್ವಲ್ಪ ಮೇಲೆ, ಒಬ್ಬ ಎತ್ತರದ ಮನುಷ್ಯನ ಮುಖ ಇರಬಹುದಾದ ಕಡೆ ನೋಡಿ ಮೆಲ್ಲಗೆ ಹೇಳಿದರು: “ಸಾಕ ಬಿಡ್ರೀ. ಹುಡುಗ ಅಳಾಕತ್ತಾನ.”

ಆಮೇಲೆ ಗ್ಯಾಸ್ ಹಚ್ಚಿ ನೀರಿಟ್ಟರು. ಡಬ್ಬಿಯ ಎಲೆಗಳನ್ನು ಹತ್ತು ನಿಮಿಷ ಕುದಿಸಿದೆವು. ಒಂದು ಹಗಲು ಒಂದು ರಾತ್ರಿ ನೆನೆಸಿದೆವು. ನಾನು ಊರಿಗೆ ಹೋಗಲಿಲ್ಲ. ಅದರ ಮರುದಿನ, ಒಂದು ಮೀನೂ ಇಲ್ಲದ ಆ ಟ್ಯಾಂಕಿಗೆ ಹೊಸ ನೀರು ತುಂಬಿ, ಮೊದಲು ಒಂದೇ ಒಂದು ಎಲೆ ಹಾಕಿ, ಕುರ್ಚಿ ಎಳೆದುಕೊಂಡು ಇಬ್ಬರೂ ಕೂತೆವು.

ಈಗ ಯಾರ ಮನೆಗೆ ಎಲೆ ಒಯ್ದರೂ ಮೊದಲು ಮರದ ಕೆಳಗೆ ನಿಂತು ಸುತ್ತ ನೋಡುತ್ತೇನೆ. ಅಷ್ಟು ಹೊತ್ತು ಯಾರ ದನಿಯನ್ನೂ ಅನುಕರಿಸುವುದಿಲ್ಲ. ಕೆಲಸ ನನಗೆ ಕಲಿಸಿದ್ದು ಇಷ್ಟೇ, ಕಲಿಸಿದ ರೀತಿ ಮಾತ್ರ ಬೇರೆ ಯಾರಿಗೂ ಬೇಡ.

ಅಂದು ಆ ಒಂದು ಎಲೆಯಿಂದ ಸಂಜೆಯ ಹೊತ್ತಿಗೆ ತೆಳ್ಳಗೆ ಒಂದು ಬಣ್ಣ ಬಿಟ್ಟುಕೊಂಡಿತ್ತು. ಗಿರಿಜಮ್ಮ ಗಾಜಿಗೆ ಬೆರಳಿಟ್ಟು, “ಛಲೋ ಎಲಿ,” ಅಂದರು.